ನನ್ನ ವರದಿ ನಿಲ್ಲಿಸಿದ ಬಸ್ಸು

ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬೆಟಗೇರಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸಿದೆ. ಹೇಳಿದ್ದನ್ನೆಲ್ಲ ಬರೆದುಕೊಳ್ಳುವವರ ನಡುವೆ ಬಾಳಿದವನಿಗೆ ತಾನು ಹೇಳಿದ್ದೇ ಸರಿ ಎಂಬ ಸೊಕ್ಕು ಬರುವುದು ಸಹಜ. ಆ ಸೊಕ್ಕಿನಲ್ಲೇ ಚುನಾವಣೆಗೆ ನಿಂತೆ. ಹಳೆಯ ವಿದ್ಯಾರ್ಥಿಗಳ ಕೃಪೆ, ಜಿಲ್ಲಾ ಪಂಚಾಯಿತಿಗೆ ಗೆದ್ದೂಬಿಟ್ಟೆ. "ಇಷ್ಟ ದಿನ ಒಂದ್ ತಾಸು ಅವ್ರು ನಿಮ್ಮ ಮಾತು ಕೇಳ್ತಿದ್ರು. ಇನ್ನ ಐದು ವರ್ಷ ನೀವ ಅವ್ರದು ಕೇಳ್ರಿ," ಎಂದಳು ಹೆಂಡತಿ. ತಮಾಷೆ ಎಂದುಕೊಂಡೆ.

ಒಂದು ದಿನ ಮಾಗಡಿ ಕೆರೆಯ ಆಚೆಗಿನ ಊರಿನಿಂದ ರೈತನೊಬ್ಬ ಮಗಳನ್ನು ಕರೆದುಕೊಂಡು ಮನೆಗೆ ಬಂದ. ಅವಳು ಲಕ್ಷ್ಮೇಶ್ವರದಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದಳು. ಅವರೂರಿನ ಬೆಳಗಿನ ಬಸ್ಸು ನಿಂತು ತಿಂಗಳಾಗಿತ್ತು.

"ಸೋಮವಾರದೊಳಗ ಬಸ್ ಬಂದ್ರ ಛಲೋ ಆತ್ರಿ. ಇಲ್ಲಂದ್ರ ಕಾಲೇಜು ಬಿಡಸ್ತೀನಿ. ಮುಂಡರಗಿ ಕಡಿಂದ ಒಂದು ಸಂಬಂಧ ಬಂದೈತಿ," ಎಂದ.

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಕಟ್ಟೆಯ ತುಂಬ ಜನ ಕುಳಿತಿದ್ದರು. "ಬರ್ತೈತಿ. ನಾ ಅದೀನಲ್ಲ," ಎಂದುಬಿಟ್ಟೆ.

ಮರುದಿನವೇ ಡಿಪೊಗೆ ಹೋದೆ. ಅಲ್ಲಿನ ಅಧಿಕಾರಿಯೂ ನನ್ನ ವಿದ್ಯಾರ್ಥಿಯೇ. ಕಾಲಿಗೆರಗಿ, ಬೇಡವೆಂದರೂ ಬಿಡದೆ ತನ್ನ ಕುರ್ಚಿಯಲ್ಲೇ ಕೂರಿಸಿ, ತಾನು ಎದುರಿಗೆ ನಿಂತ. ಚಹಾ ತರಿಸಿದ. ಆಮೇಲೆ ಫೈಲು ತೆರೆದ. ಬಸ್ಸು ನಿಲ್ಲಿಸಿದ ಆದೇಶದ ಕೆಳಗೆ ಒಂದು ವರದಿಯಿತ್ತು. ಅರ್ಧವೂ ತುಂಬದ ಬಸ್ಸು ಓಡಿಸುವುದು ದಂಡ ಎಂದು, ಊರುಗಳ ಪಟ್ಟಿ ಸಮೇತ, ಮೇಷ್ಟ್ರಾಗಿದ್ದಾಗ ನಾನೇ ಒಂದು ಸಮಿತಿಗೆ ಬರೆದುಕೊಟ್ಟದ್ದು. ಪಟ್ಟಿಯಲ್ಲಿ ಆ ಊರೂ ಇತ್ತು. ಊರನ್ನು ನೋಡದೆಯೇ ಬರೆದಿದ್ದೆ.

"ಇದು ತಪ್ಪೈತಿ ಅಂತ ಒಂದ್ ಸಾಲು ಬರದ್ ಕೊಡ್ರಿ ಸರ್. ನಾಳೆನ ಬಸ್ ಬಿಡ್ತೀನಿ," ಎಂದ. ವ್ಯಂಗ್ಯವಿರಲಿಲ್ಲ, ನಿಜಕ್ಕೂ ಬಿಡುತ್ತಿದ್ದ. ಪೆನ್ನನ್ನೂ ಅವನೇ ಕೊಟ್ಟ.

ತಪ್ಪೆಂದು ಬರೆದರೆ ಪಟ್ಟಿಯ ಉಳಿದ ಊರುಗಳೆಲ್ಲ ನಾಳೆ ನನ್ನ ಬಾಗಿಲಿಗೆ. ವಿರೋಧಿಗಳಿಗೆ ಹಬ್ಬ. ಇದೆಲ್ಲ ನೆಪ. ಖರೆ ಹೇಳಬೇಕೆಂದರೆ, ನನ್ನಿಂದ ಕಲಿತವನ ಮುಂದೆ ನಾನು ತಪ್ಪಿದೆ ಎಂದು ಬರೆಯಲು ಕೈ ಏಳಲಿಲ್ಲ. ಆ ಕುರ್ಚಿಯಿಂದ ಎದ್ದು ಓಡಿಹೋಗಬೇಕೆನಿಸಿತು. 'ಪರಿಶೀಲಿಸಿ ಕ್ರಮ ಕೈಗೊಳ್ಳುವುದು' ಎಂದು ಬರೆದು ಸಹಿ ಹಾಕಿದೆ. ಅವನು ಓದಿ ಫೈಲು ಮುಚ್ಚಿದ.

ಸೋಮವಾರ ಬಸ್ಸು ಬರಲಿಲ್ಲ. ಹುಡುಗಿಗಾಗಿ ಮೂರು ದಿನ ನನ್ನ ಕಾರು ಕಳಿಸಿದೆ. ನಾಲ್ಕನೆಯ ದಿನ ಶಿರಹಟ್ಟಿಯಲ್ಲಿ ಸಭೆಯಿತ್ತು, ಕಾರು ನನಗೇ ಬೇಕಾಯಿತು.

ಲಗ್ನಪತ್ರಿಕೆ ಹಿಡಿದು ಆ ತಂದೆ ಬಂದಾಗ ನಾಲ್ಕು ಬೈಗುಳವಾದರೂ ಬೀಳಲಿ ಎಂದು ಕಾದೆ. ಅವನು ಕೈಮುಗಿದು, ಮುಖ್ಯ ಅತಿಥಿ ಎಂದು ಎಲ್ಲರಿಗಿಂತ ಮೇಲೆ ಹಾಕಿಸಿದ್ದ ನನ್ನ ಹೆಸರನ್ನು ತೋರಿಸಿದ. ಹೋಗದೆ ವಿಧಿಯಿರಲಿಲ್ಲ. ಹೋದೆ, ಅಕ್ಷತೆ ಹಾಕಿದೆ. ಮೈಕು ಕೊಟ್ಟರು. ಏನು ಮಾತಾಡಿದೆನೋ, ಚಪ್ಪಾಳೆಯಂತೂ ಬಿತ್ತು.

ಕಾಲಿಗೆರಗಿ ಎದ್ದ ಮದುಮಗಳು ಮೆಲ್ಲಗೆ ಕೇಳಿದಳು: "ಸರ್, ಬಸ್ ಯಾವಾಗ ಬಿಡ್ತಾರ್ರಿ? ಮುಂದಿನ ವರ್ಷ ನನ್ನ ತಂಗಿ ಕಾಲೇಜಿಗೆ ಹೋಗೋದೈತಿ."

ಹಿಂದೆ ಜನ ಫೋಟೊಕ್ಕೆ ಸಾಲುಗಟ್ಟಿದ್ದರು. "ಸಾಹೇಬ್ರ, ಸ್ವಲ್ಪ ನಗ್ರಿ," ಎಂದ ಫೋಟೊದವನು. ನಕ್ಕೆ.