ಯಾವೂರ ಸೇರು

ಮಕ್ಕಳಿಗೆ ಎಂಥ ಶಾಲೆ ಬೇಕು ಎಂಬ ಮಾತು ಮನೆಯಲ್ಲಿ ಬಂದಾಗಲೆಲ್ಲ ನನಗೆ ಹೊಸಪೇಟೆಯ ಕಾನ್ವೆಂಟಿನ ಒಂದು ಲೆಕ್ಕ ನೆನಪಾಗುತ್ತದೆ. ನಾನಾಗ ನಾಲ್ಕನೇ ಕ್ಲಾಸು; ಪರೀಕ್ಷೆಯಲ್ಲಿ ಬಂದ ಲೆಕ್ಕವದು. ಕಂಪ್ಲಿಯ ವ್ಯಾಪಾರಿ ತನ್ನೂರಲ್ಲಿ ನೂರು ಸೇರು ಅಕ್ಕಿ ಅಳೆದುಕೊಂಡು ಹೊಸಪೇಟೆಗೆ ಬಂದ, ಇಲ್ಲಿ ಅರವತ್ತು ಸೇರು ಅಳೆದು ಮಾರಿದ, ಉಳಿದದ್ದೆಷ್ಟು? ನಾವೆಲ್ಲ ನಲವತ್ತು ಎಂದು ಬರೆದೆವು. ನನ್ನ ಪಕ್ಕದ ಹುಡುಗಿ ಮಾತ್ರ ಐವತ್ತೈದು ಎಂದು ಬರೆದಿದ್ದಳು.

ಅವಳ ಅಪ್ಪ ಕಂಪ್ಲಿಯ ಹೊಳೆಯಲ್ಲಿ ಹರಗೋಲು ನಡೆಸುವವನು. ಅವಳು ಇಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಲೆಕ್ಕದಲ್ಲಿ ಇನ್ನೊಮ್ಮೆ ನಪಾಸಾದರೆ ಊರಿಗೆ ಕರೆದೊಯ್ಯುತ್ತೇನೆಂದು ಅಪ್ಪ ಹೇಳಿಟ್ಟಿದ್ದ. ಈ ಒಂದು ಲೆಕ್ಕದಿಂದಲೇ ಅವಳು ನಪಾಸಾದಳು.

"ನಿಮ್ಮೂರಾಗ ನೂರರಾಗ ಅರವತ್ತು ತಗದ್ರ ಐವತ್ತೈದು ಉಳಿತೈತೇನಲೇ?" ಎಂದು ಮೊದಲು ನಕ್ಕವಳು ನಾನೇ.

ಅವಳು ಎದ್ದು ನಿಂತಳು. "ಯಾವೂರ ಸೇರು ಅಂತ ಬರ್ದೇ ಇಲ್ಲಲ್ರೀ ಸಿಸ್ಟರ್. ನಮ್ಮ ಸೇರು ಇಲ್ಲಿದಕ್ಕಿಂತ ಭಾಳ ದೊಡ್ಡದೈತಿ."

ಕ್ಲಾಸೆಲ್ಲ ನಕ್ಕಿತು. ಸಿಸ್ಟರ್ ನಗಲಿಲ್ಲ. ಅವರು ಮದರಾಸಿನ ಕಡೆಯವರು, ಕನ್ನಡವನ್ನು ಪುಸ್ತಕದಿಂದ ಕಲಿತವರು. "ಅಳೆಯದೆ ನಗುವುದು ಬೇಡ. ಅಳೆಯದೆ ನಾನು ಒಪ್ಪುವುದೂ ಇಲ್ಲ" ಎಂದು, ಅಲ್ಲಿಯ ಸೇರು ತರುವಂತೆ ಅವಳ ಅಪ್ಪನಿಗೆ ಕಂಪ್ಲಿಗೆ ಹೇಳಿಕಳಿಸಿದರು. ಇಲ್ಲಿಯ ಸೇರನ್ನು ತರಲು ನನಗೆ ಹೇಳಿದರು.

ಅಂದು ಶುಕ್ರವಾರ. "ಶುಕ್ರವಾರ ಮನಿ ಸೇರು ಹೊರಗ ಕಳಸ್ತಾರೇನ? ಲಕ್ಷ್ಮೀನ ಒಯ್ದು ನಿಮ್ಮ ಸಿಸ್ಟರಮ್ಮಗ ಕೊಟ್ಟು ಬಾ ಹೋಗು!" ಎಂದು ಅಜ್ಜಿ ಗದರಿದಳು. ಮರುದಿನ ಕೊಟ್ಟಳು. ಸೇರು ವಾಪಸು ಬಂದ ಮೇಲೆ, ಯಾರ್ಯಾರ ಕೈ ತಾಗಿತ್ತೋ ಎಂದು ಹುಣಸೆಹಣ್ಣು ಹಚ್ಚಿ ಎರಡು ಸಲ ತಿಕ್ಕಿದಳು.

ಶನಿವಾರ ಆ ಹುಡುಗಿಯ ಅಪ್ಪ ತನ್ನೂರ ಸೇರು ಹಿಡಿದು ಬಂದ. ಮಗಳನ್ನು ಕರೆದೊಯ್ಯಲೆಂದೇ ಬಂದಿದ್ದ. ಅವಳ ಬಟ್ಟೆಗಂಟು ಆಗಲೇ ಅವನ ಹೆಗಲ ಮೇಲಿತ್ತು. ಬಾಗಿಲ ಹೊರಗೇ ನಿಂತಿದ್ದವನನ್ನು ಸಿಸ್ಟರ್ ಒಳಗೆ ಕರೆದು, ಅಕ್ಕಿ ಅಳೆಯುವ ಕೆಲಸ ಅವನಿಗೇ ಕೊಟ್ಟರು. ಅವನು ಪ್ರತಿ ಸೇರಿನ ತಲೆಯನ್ನು ಅಂಗೈಯಿಂದ ಸವರಿ ಸಮ ಮಾಡುತ್ತಿದ್ದ. ಅವನ ನಾಲ್ಕು ಸೇರು ನಮ್ಮ ಮನೆಯ ಸೇರಿನಲ್ಲಿ ಸರಿಯಾಗಿ ಐದಾಯಿತು.

ಸಿಸ್ಟರ್ ತಮ್ಮ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು ತಾವೇ ಅದಕ್ಕೆ ಅಡ್ಡಗೀಟು ಹಾಕಿದರು. "ಈ ತಪ್ಪು ನನ್ನದು." ನಲವತ್ತು ಎಂದ ನಮಗೆಲ್ಲ ಆ ಲೆಕ್ಕದ ಮಾರ್ಕು ಹೋಯಿತು. ಯಾವ ಸೇರು ಎಂದು ನಾವು ಕೇಳಿರಲಿಲ್ಲ. ನನಗೆ ಅಳು ಬಂತು.

ಆಮೇಲೆ ಆ ಹುಡುಗಿಯ ಕಡೆ ತಿರುಗಿದರು. "ಕಂಪ್ಲಿಯ ನೂರು ಸೇರು ಇಲ್ಲಿ ನೂರ ಇಪ್ಪತ್ತೈದು. ಅರವತ್ತು ಕಳೆದರೆ ಅರವತ್ತೈದು ಉಳಿಯಬೇಕು, ಐವತ್ತೈದಲ್ಲ. ನೀನು ಕೇಳಿದ್ದು ಸರಿ ಮಗು, ಕಳೆದದ್ದು ತಪ್ಪು. ಮಾರ್ಕು ಕೊಡಲಾರೆ."

ಹುಡುಗಿ ಅಪ್ಪನ ಮುಖ ನೋಡಿದಳು. ಅವನು ಓದು ಬಾರದವನು, ಬೋರ್ಡನ್ನೇ ದಿಟ್ಟಿಸಿ ಕೇಳಿದ: "ನಮ್ಮ ಸೇರು ದೊಡ್ಡದು ಅಂತ ಕಂಡುಹಿಡದಾಕಿ ಇಕೀನಾ?"

"ಇವಳೇ. ನಾನೂ ಕಂಡಿರಲಿಲ್ಲ. ಕಳೆಯುವುದು ಮಾತ್ರ ಇನ್ನೂ ಬರುವುದಿಲ್ಲ."

"ಹಂಗಾರ ಅದೊಂದು ಕಲೀಲಿ ಬಿಡ್ರಿ" ಎಂದು ಗಂಟನ್ನು ಹೆಗಲಿಂದ ಇಳಿಸಿ ಮಗಳ ಕೈಗಿತ್ತ. ತನ್ನ ಸೇರನ್ನು ಕಂಕುಳಲ್ಲಿ ಇಟ್ಟುಕೊಂಡು ಒಬ್ಬನೇ ಕಂಪ್ಲಿಯ ದಾರಿ ಹಿಡಿದ.