ಕಾಕುವಿನ ಡಬ್ಬಿ

ಕೀಲಿ ಮಾಡುವವನ ಅಂಗಡಿಯ ಮುಂದೆ, ಆಗಷ್ಟೇ ಉಜ್ಜಿದ ಕಬ್ಬಿಣ ಮತ್ತು ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಮುಂಬಯಿಯ ಭಾಂಡುಪಿನ ಚಾಳಿನ ನಮ್ಮ ಖೋಲಿಯ ಬಾಗಿಲಲ್ಲಿ ಅಪ್ಪ ಬಂದು ನಿಲ್ಲುತ್ತಾನೆ. ವಿಜಯಪುರದ ಕಡೆಯಿಂದ ಬಂದು ಕಾರ್ಖಾನೆಯಲ್ಲಿ ಲೇಥ್ ಮಷೀನು ನಡೆಸುತ್ತಿದ್ದ ಅವನ ಅಂಗಿಗೆ ಎಷ್ಟು ಒಗೆದರೂ ಅದೇ ವಾಸನೆ. ಸಿಟ್ಟು ಮೂಗಿನ ತುದಿಯಲ್ಲೇ. ಚಮಚ ಬಿದ್ದರೆ ಬೈಗುಳ, ನಾನು ಗಲ್ಲಿಯಲ್ಲಿ ಓಡಿದರೆ ಬೈಗುಳ. ಆದರೆ ನೆರೆಯವರ ಡಬ್ಬಿಯನ್ನು ಬರಿದಾಗಿ ಹಿಂತಿರುಗಿಸಲು ಮಾತ್ರ ಎಂದೂ ಬಿಡುತ್ತಿರಲಿಲ್ಲ. ಚಿಟಿಕೆ ಸಕ್ಕರೆಯಾದರೂ ಅದರಲ್ಲಿ ಇರಲೇಬೇಕು. ನಾವು ಕಾಕು ಎಂದು ಕರೆಯುತ್ತಿದ್ದ, ಹಿಂಬದಿಯ ಚಾಳಿನ ಮರಾಠಿ ಹೆಂಗಸಿನ ಸ್ಟೀಲ್ ಡಬ್ಬಿ ಹೀಗೆ ವರ್ಷಗಟ್ಟಲೆ ಪೋಹೆ ಹೊತ್ತು ಬಂದು, ಶೇಂಗಾ ಚಟ್ನಿ ಹೊತ್ತು ಹೋಗುತ್ತಿತ್ತು.

ವ್ಯಾಪಾರವೆಲ್ಲ ಬಿದ್ದುಹೋದ ಆ ವರ್ಷ ಕಾರ್ಖಾನೆಗೆ ಆರ್ಡರ್ ಬರುವುದು ನಿಂತಿತು. ಮೊದಲು ಒಂದು ಪಾಳಿ ಹೋಯಿತು, ಆಮೇಲೆ ಗೇಟೇ ಮುಚ್ಚಿತು. ನಮ್ಮ ಸಾಲಿನ ಗಂಡಸರೆಲ್ಲ ಹಾಡಹಗಲೇ ಮನೆಯಲ್ಲಿ. ಒಬ್ಬ ಗೋಡೆ ನೋಡುತ್ತಾ ಕೂತ, ಇನ್ನೊಬ್ಬ ಕುಡಿತಕ್ಕೆ ಬಿದ್ದ, ನಮ್ಮಪ್ಪ ತಣ್ಣಗಾದ. ಬೈಗುಳ ನಿಂತುಹೋಯಿತು. ಅವ್ವನಿಗೆ ಖುಷಿಯೋ ಖುಷಿ. ಗಂಡ ದೇವರಂಥವನಾದನೆಂದು ಊರ ದೇವರಿಗೆ ಕಾಯಿ ತೆಗೆದಿಟ್ಟಳು. ಎಂಥ ಹುಚ್ಚಿಯರು ನಾವು! ಕಾಕುವಿನ ಡಬ್ಬಿಯನ್ನು ಈಗ ಅಪ್ಪನೇ ತುಂಬಿ, ಮುಚ್ಚಿ, ನನ್ನ ಕೈಗೆ ಕೊಡತೊಡಗಿದ. ಒಮ್ಮೆ ಅದರಲ್ಲಿ ಅವನ ಸ್ಕ್ರೂಡ್ರೈವರ್ ಇತ್ತು, ಇನ್ನೊಮ್ಮೆ ಯಾರಿಗೂ ಮುಟ್ಟಗೊಡದ ಅಳತೆಯ ಉಪಕರಣ. ಕಾಕುವಿನ ಮಗ ಮಷೀನು ಕೆಲಸ ಕಲಿಯುತ್ತಿದ್ದ, ಅವನಿಗಿರಲಿ ಎಂದು ಕೊಟ್ಟಿರಬೇಕೆಂದು ಎಲ್ಲರೂ ತಿಳಿದರು.

ಒಂದು ಮಧ್ಯಾಹ್ನ ಅವ್ವ ರೇಷನ್ ಅಂಗಡಿಗೆ ಹೋಗಿದ್ದಳು. ಅಪ್ಪ ಡಬ್ಬಿ ಕೊಟ್ಟು ನನ್ನ ತಲೆ ಸವರಿದ. ಹಾಗೆಲ್ಲ ಸವರುವವನಲ್ಲ ಅವನು.

“ಖಾಲಿ ಡಬ್ಬಿ ಹೊಳ್ಳಿ ಕೊಡಬಾರದವಾ,” ಎಂದ. “ಓಡಬ್ಯಾಡ. ಸಾವಕಾಶ ಹೋಗು.”

ಕಾಕು ಮುಚ್ಚಳ ತೆಗೆದಳು. ಒಳಗೆ ಅಪ್ಪನ ಕೈಗಡಿಯಾರ. ಅವಳ ಮುಖ ಬಿಳಿಚಿಕೊಂಡಿತು. ನಿನ್ನ ಬಾಬಾ ಎಲ್ಲಿ ಎಂದು ಕೇಳಿದವಳೇ ಬರಿಗಾಲಲ್ಲಿ ನಮ್ಮ ಖೋಲಿಗೆ ಓಡಿದಳು. ಬಾಗಿಲು ತೆರೆದಿತ್ತು, ಅಪ್ಪ ಇರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಪೊಲೀಸರು ಬಂದು, ಹೆಣದ ಗುರುತು ಹಿಡಿಯಲು ಅವ್ವನನ್ನು ಕರೆದೊಯ್ದರು.

ಆ ಚಾಳು ಈಗಿಲ್ಲ, ಕಾರ್ಖಾನೆಯ ಜಾಗದಲ್ಲಿ ಟವರ್ ಎದ್ದಿದೆ. ಅವ್ವನೂ ಹೋದಳು. ಮಗು ನೀನು, ನಿನಗೇನು ಗೊತ್ತಿತ್ತು ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಆದರೆ ಎಷ್ಟು ಬೈಸಿಕೊಂಡರೂ ಓಡುವುದನ್ನು ಬಿಡದವಳು ನಾನು ಅವತ್ತೊಂದು ದಿನ ಅಪ್ಪನ ಮಾತು ಕೇಳಿದೆ. ನಳದ ಹತ್ತಿರ ನಿಂತು ಹುಡುಗಿಯರ ಕುಂಟಾಟ ನೋಡಿದೆ. ಸಾವಕಾಶವಾಗಿಯೇ ಹೋದೆ.