ಶಿವಯೋಗಂ ಆಸ್ಟಿನ್ನಿನ ಎಂಜಿನ್ ಇಳಿಸಿದ್ದು

ಚುನ್ನಾಕದ ಸಂತೆಯ ಹಿಂದಿನ ಶೆಡ್ಡಿನಲ್ಲಿ ಹೆಂಗಸೊಬ್ಬಳು ಹಲಗೆಯ ಮುಂದೆ ಕೂತು ಕತ್ತರಿ ಆಡಿಸುವುದನ್ನು ಕಂಡ ಪರರಾಜಸಿಂಗಂ ಅವಳನ್ನು ದರ್ಜಿ ಎಂದುಕೊಂಡರು. ಮಗಳ ಮದುವೆಗೆಂದು ತಮಗೆ ಕೊಂಡ ಅಂಗಿಬಟ್ಟೆ ಹೇಗೂ ಕಾರಿನಲ್ಲಿತ್ತು. ಮೆಕ್ಯಾನಿಕ್ ಬರುವವರೆಗೆ ಅಳತೆಯಾದರೂ ಕೊಡೋಣವೆಂದು ಅದನ್ನು ತಂದು ಚಾಚಿದರು. ಅವಳು ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ಇದು ಎಂಜಿನ್ನಿನ ಬಿಸಿಗೆ ತಾಳುವುದಿಲ್ಲ ಎಂದಳು. ಅವಳು ಕತ್ತರಿಸುತ್ತಿದ್ದದ್ದು ಎಂಜಿನ್ನಿನ ಸಂದಿಗಳಿಗೆ ಕೂರಿಸುವ ಗ್ಯಾಸ್ಕೆಟ್ಟು. ಮೆಕ್ಯಾನಿಕ್ ಅವಳೇ, ಶಿವಯೋಗಂ. ಗಂಡ ತೀರಿಕೊಂಡ ಮೇಲೆ ಶೆಡ್ಡು, ಸ್ಪ್ಯಾನರು, ಗಿರಾಕಿಗಳ ಬೈಗುಳ ಎಲ್ಲವೂ ಅವಳ ಪಾಲಿಗೆ ಬಂದಿದ್ದವು.

ಪರರಾಜಸಿಂಗಂ ಅವರ ಆಸ್ಟಿನ್ ಕಾರು ನಿಂತಲ್ಲೆಲ್ಲ ಎಣ್ಣೆ ತೊಟ್ಟಿಕ್ಕುತ್ತಿತ್ತು. ನಿಶ್ಚಿತಾರ್ಥದ ದಿನ ಬೀಗರ ಬಾಗಿಲ ರಂಗೋಲಿಯನ್ನೇ ಕಪ್ಪು ಮಾಡಿತ್ತು. ಮದುಮಗಳನ್ನು ಬೇರೆ ಯಾವ ಗಾಡಿಯಲ್ಲಾದರೂ ಕರೆತನ್ನಿ ಎಂದು ಬೀಗರು ನಯವಾಗಿ ಹೇಳಿಕಳಿಸಿದ್ದರು. ಊರಿನ ಅರ್ಧದಷ್ಟು ಮದುವಣಗಿತ್ತಿಯರನ್ನು ಮಂಟಪ ಮುಟ್ಟಿಸಿದ ಕಾರು ಅದು. ಸ್ವಂತ ಮಗಳು ಬಾಡಿಗೆ ವ್ಯಾನಿನಿಂದ ಇಳಿಯುವುದು ಅವರ ಪಾಲಿಗೆ ಆಗದ ಮಾತು.

ಎಂಜಿನ್ನಿನ ಹಿಂಬದಿ ಎಣ್ಣೆ ತಡೆಯುವ ಸೀಲು ಹೋಗಿದೆ, ಎಂಜಿನ್ ಇಳಿಸದೆ ಅಲ್ಲಿಗೆ ಕೈ ಹೋಗುವುದಿಲ್ಲ ಎಂದಳು ಶಿವಯೋಗಂ. ರಾಹುಕಾಲ ಕಳೆಯಲಿ ಎಂದರು ಇವರು. ಕಳೆಯುವವರೆಗೆ ತಾಳೆಬೆಲ್ಲ ಕಚ್ಚಿ ಕಪ್ಪು ಚಹಾ ಕುಡಿಯುತ್ತ, ಇಡೀ ಯಾಳ್ಪಾಣ ಸೀಮೆಯಲ್ಲಿ ಆಸ್ಟಿನ್ನಿನ ನಾಡಿ ತಮ್ಮಷ್ಟು ಬಲ್ಲವರಿಲ್ಲವೆಂದು ಶೆಡ್ಡಿಗೆಲ್ಲ ತಿಳಿಸಿದರು. ಆಮೇಲೆ ಎಂಜಿನ್ ಸರಪಳಿಯಲ್ಲಿ ಶೆಡ್ಡಿನ ಮುಂದಿನ ಬೇವಿನ ಕೊಂಬೆಗೆ ನೇತಾಡಿದಾಗ ಮಾತ್ರ ಹೆರಿಗೆ ಕೋಣೆಯ ಹೊರಗಿನ ಗಂಡನಂತೆ ಶತಪಥ ಹಾಕಿದರು.

ಎಂಜಿನ್ನಿನ ಒಳಗೆ ಕಟ್ಟುವ ಹೊಗೆಯನ್ನು ಹೊರಬಿಡುವ ಸಣ್ಣ ಉಸಿರುಕೊಳವೆಯಿಂದ ಅವಳು ಚಿಂದಿಬಟ್ಟೆಯೊಂದನ್ನು ಎಳೆದಳು.

"ಇದನ್ನ ಇಲ್ಲಿ ತುರುಕಿದ ಪುಣ್ಯಾತ್ಮ ಯಾರಣ್ಣಾ?"

"ಕೂತೋರಿಗೆ ಹೊಗೆ ವಾಸನೆ ಬರಬಾರದಲ್ಲ ತಂಗೀ. ನಾನೇ."

"ಮೂಗು ಮುಚ್ಚಿದ್ರೆ ಅದು ಎಲ್ಲಿಂದ ಉಸಿರಾಡಬೇಕು? ಸಿಕ್ಕ ಸಂದೀಲೆಲ್ಲ ಎಣ್ಣೆ ನೂಕ್ತದೆ. ಹಳೇ ಸೀಲು ಎಷ್ಟೂಂತ ತಡೀತದೆ?"

ಪರರಾಜಸಿಂಗಂ ಅವರಿಗೆ ಆಗಲೇ ಬೇವಿನ ಎಲೆಗಳನ್ನು ತೀರ ಹತ್ತಿರದಿಂದ ಪರೀಕ್ಷಿಸುವ ತುರ್ತು ಬಂತು.

ಅವಳು ಹೊಸ ಸೀಲು ಕೂರಿಸಿದಳು. ಗ್ಯಾಸ್ಕೆಟ್ಟಿನ ತೂತೊಂದು ಕೂದಲೆಳೆಯಷ್ಟು ತಪ್ಪಿದಾಗ ತನ್ನನ್ನೇ ಬೈದುಕೊಂಡು ಇನ್ನೊಂದು ಕತ್ತರಿಸಿದಳು. ಎಂಜಿನ್ ಗೂಡು ಸೇರಿತು.

ಮದುವೆಯ ಹಿಂದಿನ ದಿನ ಅವರು ಕಾರನ್ನು ಪೇಟೆಯೆಲ್ಲ ಸುತ್ತಿಸಿ ಶೆಡ್ಡಿಗೆ ತಂದು, ತಮ್ಮ ಬಿಳಿಯ ಶಲ್ಯವನ್ನೇ ಅದರ ಕೆಳಗೆ ಹಾಸಿ ಕಾದರು. ಚಹಾ ಮುಗಿಯಿತು. ಮಂಡಿಯೂರಿ ಕಾರಿನಡಿಗೆ ತಲೆ ತೂರಿಸಿದರು. ಶಲ್ಯದ ಮೇಲೆ ಒಂದು ಕಲೆಯೂ ಇಲ್ಲ. ಮಗಳು ಇದರಿಂದಲೇ ಇಳಿಯುತ್ತಾಳೆ ಎಂದು ಮುಖ ಅರಳಿತು, ಮರುಕ್ಷಣ ಬಾಡಿತು.

"ತಂಗೀ, ಎಣ್ಣೆ ಹಾಕಿದೀಯ ತಾನೆ?"

"ಹಾಕಿದೀನಣ್ಣಾ. ಅದು ಇರಬೇಕಾದ್ದೇ ಒಳಗೆ."